ಮೂವತ್ತು ಟನ್ನಿನ ಬೀಗರು

ಹಳೆಯ ಮಷಿನ್ ಮಾರುವವರು ಮೊದಲು ಮಾಡುವ ಕೆಲಸ ಬಣ್ಣ ಹೊಡೆಸುವುದು. ಅದೂ ಎಂಥ ಧಾರಾಳ! ಗ್ರೀಸ್ ನಿಪ್ಪಲ್ಲಿನ ಮೇಲೆ, ರಬ್ಬರ್ ಪೈಪಿನ ಮೇಲೆ, ಕಿಟಕಿ ಗಾಜಿನ ಅಂಚಿನ ಮೇಲೆ, ಒಟ್ಟಿನಲ್ಲಿ ಬ್ರಷ್ಷಿಗೆ ಸಿಕ್ಕಿದ್ದೆಲ್ಲಾ ಹಳದಿ. ಪುಣೆಯಲ್ಲಿ ಮಣ್ಣಿನ ಕೆಲಸದ ಗುತ್ತಿಗೆ ಹಿಡಿಯುವ ನಮ್ಮ ಸೋದರಮಾವ ಗೋವಾದ ಒಂದು ಯಾರ್ಡಿನಲ್ಲಿ ಕಂಡ, ಮಣ್ಣು ಅಗೆಯುವ ಮೂವತ್ತು ಟನ್ನಿನ ಎಕ್ಸ್‌ಕವೇಟರ್ ಹೀಗೇ ಮಿಂಚುತ್ತಾ ನಿಂತಿತ್ತಂತೆ. ಪುಣೆಯವರು ಇಂಥದ್ದಕ್ಕೆ ಪೊಕ್ಲೇನ್ ಅನ್ನುತ್ತಾರೆ, ನಮ್ಮ ವಿಜಯಪುರದ ಕಡೆ ಹಿಟಾಚಿ. ಮಾವ ಕೊಂಡದ್ದು ಈ ಎರಡೂ ಕಂಪನಿಯದಲ್ಲ. ಆ ಮಾತು ಇಲ್ಲಿಗೇ ಬಿಡೋಣ.

ಮಾವನಿಗೆ ದೊಡ್ಡ ಮಷಿನ್ನಿನ ಹುಚ್ಚು ಹಿಡಿದದ್ದು ಪುಣೆಯ ಚಾಂದನಿ ಚೌಕದಿಂದ. ಅಲ್ಲಿನ ಹಳೇ ಸೇತುವೆಯನ್ನು 2022ರ ಅಕ್ಟೋಬರ್ 2ರ ನಡುರಾತ್ರಿ ಸ್ಫೋಟಕ ಇಟ್ಟು ಉರುಳಿಸಲು ಹೊರಟರಲ್ಲ, ಅದನ್ನು ನೋಡಲು ಅರ್ಧ ಪುಣೆ ಟಿವಿ ಮುಂದೆ ಎದ್ದು ಕೂತಿತ್ತು. ಸ್ಫೋಟವಾಯಿತು, ಧೂಳೆದ್ದಿತು, ಆದರೂ ಸೇತುವೆ ಪೂರ್ತಿ ಬೀಳಲಿಲ್ಲ. ಉಳಿದದ್ದನ್ನು ಕೆಡವಿ ಹಾಕಿದ್ದು ಎಕ್ಸ್‌ಕವೇಟರ್‌ಗಳು. "ಮದ್ದಿಗೆ ಆಗದ್ದು ಮಷಿನ್ನಿಗೆ ಆತು ನೋಡ್ ತಮ್ಮಾ" ಅಂತ ಮಾವ ಸಿಕ್ಕವರಿಗೆಲ್ಲಾ ಹೇಳಿದರು. ಹೇಳುತ್ತಾ ಹೇಳುತ್ತಾ ಅವರೇ ನಂಬಿಬಿಟ್ಟರು ಅಂತ ನನ್ನ ಗುಮಾನಿ.

ಗೋವಾಕ್ಕೆ ಹೋಗುವಾಗ ಜೊತೆಗೆ ತಮ್ಮ ಆಪರೇಟರನ್ನು ಕರೆದೊಯ್ದದ್ದು ಮಾತ್ರ ಮಾವ ಮಾಡಿದ ಜಾಣತನ. ಅವನು ಬಳ್ಳಾರಿ ಜಿಲ್ಲೆಯ ಸಂಡೂರಿನ ಕಡೆಯವನು. ಮಾತು ಕಡಿಮೆ. ಬಣ್ಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಎಂಜಿನ್ ಚಾಲೂ ಮಾಡಿಸಿ, ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ಸಡಿಲ ಮಾಡಿ, ಹಾಗೇ ಮೇಲಿಟ್ಟ. ಮುಚ್ಚಳ ಕುಣಿಯತೊಡಗಿದರೆ ಪಿಸ್ಟನ್ ರಿಂಗು ಸವೆದಿದೆ ಅಂತ ಅರ್ಥ. ಸ್ವಲ್ಪ ನಡುಗಿತು, ಕುಣಿಯಲಿಲ್ಲ. ಆಮೇಲೆ ಬಕೆಟ್ಟನ್ನು ನೆಲಕ್ಕೆ ಊರಿ ಒಂದಿಷ್ಟೇ ಎತ್ತಿಸಿ, ಕೀಲುಗಳ ಪಿನ್ನು-ಬುಶ್ಶಿನ ಸಂದಿಗೆ ಬೆರಳಿಟ್ಟು ಲೂಸ್ ಎಷ್ಟಿದೆ ನೋಡಿದ. ಕಡೆಗೆ ಬೂಮ್, ಅಂದರೆ ಮಷಿನ್ನಿನ ದೊಡ್ಡ ತೋಳು, ಮೇಲೆತ್ತಿಸಿ, ಎಂಜಿನ್ ಬಂದ್ ಮಾಡಿಸಿ, ಚಹಾ ಕುಡಿಯಲು ಹೋದ. ಮಾರುವವನಿಗೆ ಸಿಟ್ಟು. ಆದರೆ ಆ ಚಹಾ ಕೂಡ ಪರೀಕ್ಷೆಯೇ. ಕುಡಿದು ಬರುವಷ್ಟರಲ್ಲಿ ಬೂಮ್ ಕೆಳಗೆ ಜಾರಿದ್ದರೆ ಅದನ್ನು ಎತ್ತುವ ಸಿಲಿಂಡರಿನ ಸೀಲ್ ಹೋಗಿರಬಹುದು ಅಂತ. ಒಳಗೆ ಓಡುವ ಎಣ್ಣೆಯ ಒತ್ತಡ ಕೆಲಸದ ಹೊತ್ತಿನಲ್ಲಿ 350 ಬಾರ್‌ವರೆಗೆ ಏರುತ್ತದೆ. ಕಾರಿನ ಟೈರಿನಲ್ಲಿರುವ ಗಾಳಿಯ ಸುಮಾರು 150 ಪಟ್ಟು. ಅಷ್ಟನ್ನು ತಡೆಯುವುದು ಒಂದು ಸಣ್ಣ ಸೀಲು.

ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನೋಡಲೇ ಇಲ್ಲವಾ ಅಂತ ನಾನು ಕೇಳಿದೆ. "ಅದು ಮಾರೋರು ಹೇಳಿದಷ್ಟ ಓಡಿರತೈತಿ" ಅಂದರು ಮಾವ.

ಬೆಲೆ ಇಳಿಸಿದ್ದು ಇದ್ಯಾವುದೂ ಅಲ್ಲ. ಕ್ಯಾಬಿನ್ನಿನ ಹಿಂದಿನ ಒಂದು ಸಂದಿಯಲ್ಲಿ ಆಪರೇಟರ್ ಸ್ಕ್ರೂಡ್ರೈವರ್ ತೂರಿಸಿ ಕೆರೆದ. ಕುಂಕುಮದಷ್ಟು ನುಣ್ಣಗಿನ ಕೆಂಪು ಧೂಳು ಉದುರಿತು. "ಕಾಲುವೆ ಕೆಲಸ ಅಷ್ಟೇ ಮಾಡಿದ್ದು ಅಂದ್ರಲ್ಲ? ಇದು ನಮ್ಮೂರ ಅದಿರು ಸಾವ್ಕಾರ್ರೆ" ಅಂದ. ಮಾರುವವನು ಸುಮ್ಮನಾದ.

ಈ ಕೆಂಪು ಧೂಳಿಗೆ ಒಂದು ಚರಿತ್ರೆ ಇದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮರುವರ್ಷ ಗೋವಾದ ಸರದಿ. ಅಲ್ಲಿ ಮತ್ತೆ ಶುರುವಾಗಿ, 2018ರಲ್ಲಿ 88 ಗಣಿ ಗುತ್ತಿಗೆಗಳನ್ನು ಕೋರ್ಟ್ ರದ್ದು ಮಾಡಿದ ಮೇಲೆ ಮತ್ತೆ ನಿಂತಿತು. ಗಣಿ ನಿಂತರೆ ಮಷಿನ್ನೂ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಹಾಗಾಗಿ ಮಷಿನ್ನುಗಳು ಸಿಕ್ಕ ಬೆಲೆಗೆ ಕೈ ಬದಲಾಯಿಸಿ ಎಲ್ಲೆಲ್ಲಿಗೋ ಹೋದವು. ಅವುಗಳನ್ನು ಓಡಿಸುತ್ತಿದ್ದವರೂ ಹೋದರು. ನಮ್ಮ ಆಪರೇಟರ್ ಪುಣೆಗೆ ಬಂದದ್ದೂ ಹಾಗೇ. ಮಷಿನ್ನಿನ ಸಂದಿಯಲ್ಲಿ ಊರ ಮಣ್ಣು ಕಂಡಾಗ ಅವನಿಗೆ ಏನನ್ನಿಸಿತೋ ಕೇಳಬೇಕೆಂದಿದ್ದೆ. ಅವನು ಅದನ್ನು ಬೆಲೆ ಇಳಿಸಲು ಬಳಸಿದ್ದು ನೋಡಿ ಕೇಳುವುದು ಬೇಡ ಅನ್ನಿಸಿತು.

ಕೊಂಡದ್ದಾಯಿತು. ಇನ್ನು ಕೆಲಸಕ್ಕೆ ಹಚ್ಚುವುದು. ಅಲ್ಲಿಂದ ಶುರುವಾದದ್ದು ಬೀಗರ ಉಪಚಾರ. ಮದುವೆ ಮನೆಗೆ ಗಂಡಿನ ಕಡೆಯ ಹಿರಿಯರು ಬಂದರೆ ಅವರೊಬ್ಬರನ್ನು ಸುಧಾರಿಸಲು ಹತ್ತು ಜನ ಓಡಾಡುತ್ತಾರಲ್ವಾ? ಅವರು ನಡೆದು ಬರುವುದಿಲ್ಲ, ಗಾಡಿ ಕಳಿಸಬೇಕು. ಎಕ್ಸ್‌ಕವೇಟರೂ ಅಷ್ಟೇ. ಉಕ್ಕಿನ ಚೈನಿನ ಮೇಲೆ ಡಾಂಬರು ರಸ್ತೆಯಲ್ಲಿ ಓಡಿಸಿದರೆ ರಸ್ತೆ ಉಳಿಯದು. ತಗ್ಗು ಹಾಸಿನ ಲೋಬೆಡ್ ಟ್ರೇಲರ್ ಮೇಲೆ ಕೂರಿಸಿ, ಕೊಲ್ಲಾಪುರ, ಸಾತಾರಾ, ಖಂಬಾಟ್ಕಿ ಘಾಟು ದಾಟಿಸಿ ತರಬೇಕು. ಊರೊಳಕ್ಕೆ ರಾತ್ರಿಯೇ ಬರಬೇಕು. ಪುಣೆಯ ಬಾವಧನ್‌ನ ಸೈಟಿನ ಗಲ್ಲಿಯಲ್ಲಿ ಕೇಬಲ್ ವೈರುಗಳು ಜೋತುಬಿದ್ದಿದ್ದವು. ಅವನ್ನು ಬಿದಿರ ಗಳುವಿನಿಂದ ಎತ್ತಿ ಹಿಡಿಯಲು ಇಬ್ಬರು. ರಸ್ತೆಯಿಂದ ಸೈಟಿಗೆ ಇಳಿಯುವಾಗ ಚೈನಿನಡಿ ಹಾಸಲು ಹಳೇ ಟೈರು. ಚೈನಿನಡಿ ನಿಂಬೆಹಣ್ಣು, ಬಕೆಟ್ಟಿಗೆ ಕುಂಕುಮ, ತೆಂಗಿನಕಾಯಿ. ಬಿಲ್ಡರ್ ಬಂದು ಭೂಮಿಪೂಜೆ ಮಾಡಿ ಐದು ಸಲ ಗುದ್ದಲಿ ಹಾಕುವವರೆಗೂ ಮೂವತ್ತು ಟನ್ನು ಪಕ್ಕದಲ್ಲಿ ಕೈಕಟ್ಟಿ ನಿಂತಿತ್ತು.

ಕೆಲಸ ಶುರುವಾದ ಮೇಲೆ ಗೊತ್ತಾದದ್ದೇ ಬೇರೆ. ದೊಡ್ಡ ಮಷಿನ್ನಿನ ಹಸಿವು ಡೀಸೆಲ್‌ಗಿಂತ ಜಾಸ್ತಿ ಟಿಪ್ಪರಿಗೆ. ಪುಣೆಯಲ್ಲಿ ಮಣ್ಣಿನ ಲೆಕ್ಕ ಬ್ರಾಸಿನಲ್ಲಿ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಈ ಮಷಿನ್ನಿನ ಬಕೆಟ್ಟು ಒಂದು ಸಲಕ್ಕೆ ಸುಮಾರು ಅರ್ಧ ಬ್ರಾಸ್ ಎತ್ತುತ್ತದೆ. ಅಗೆದು, ತಿರುಗಿ, ಸುರಿದು, ವಾಪಸ್ ಬರಲು ಇಪ್ಪತ್ತು ಸೆಕೆಂಡ್ ಸಾಕು. ಐದು ಬ್ರಾಸಿನ ಟಿಪ್ಪರ್ ಹತ್ತು ಬಕೆಟ್ಟಿಗೆ ತುಂಬಿತು. ಅಂದರೆ ನಾಲ್ಕು ನಿಮಿಷ ಅನ್ನಿ. ತುಂಬಿದ ಟಿಪ್ಪರ್ ಚಾಂದನಿ ಚೌಕ ದಾಟಿ, ಪಿರಂಗುಟ್‌ನ ಆಚೆ ಮಣ್ಣು ಸುರಿದು, ಪುಣೆಯ ಟ್ರಾಫಿಕ್ಕಿನಲ್ಲಿ ತಿರುಗಿ ಬರಲು ಒಂದು ಗಂಟೆ. ಮಷಿನ್ ಬಿಡುವಿಲ್ಲದೆ ದುಡಿಯಬೇಕಾದರೆ ಹದಿನೈದು ಟಿಪ್ಪರ್ ಸಾಲಾಗಿ ಓಡುತ್ತಿರಬೇಕು. ಮಾವ ಗೊತ್ತು ಮಾಡಿದ್ದು ಐದು. ಬೆಳಿಗ್ಗೆ ಸಂಜೆ ದೊಡ್ಡ ಗಾಡಿಗಳಿಗೆ ಪೊಲೀಸರ ನಿರ್ಬಂಧ ಬೇರೆ.

ಹೀಗಾಗಿ ಇಪ್ಪತ್ತು ನಿಮಿಷ ಅಬ್ಬರ, ನಲವತ್ತು ನಿಮಿಷ ಮೌನ. ಪೂರ್ತಿ ಮೌನವೂ ಅಲ್ಲ. ಸುಮ್ನೆ ನಿಂತು ಗುರುಗುಟ್ಟುವುದಕ್ಕೂ ಗಂಟೆಗೆ ನಾಲ್ಕೈದು ಲೀಟರ್ ಡೀಸೆಲ್ ಬೇಕು. ಪಕ್ಕದ ಸೈಟಿನಲ್ಲಿ ಒಂದು ಸಣ್ಣ ಜೆಸಿಬಿ ಎರಡು ಟಿಪ್ಪರ್ ಇಟ್ಟುಕೊಂಡು ಬೆಳಗಿನಿಂದ ಸಂಜೆವರೆಗೆ ಕುರುಕುರು ಅಂತ ಅಗೆಯುತ್ತಲೇ ಇತ್ತು. ಮಾವ ಆ ಕಡೆಗೆ ಬೆನ್ನು ಹಾಕಿ ಕೂರುತ್ತಿದ್ದರು.

ಇನ್ನೊಂದು ತಮಾಷೆ ಮಣ್ಣಿನದೇ. ಇಪ್ಪತ್ತು ಮೀಟರ್ ಅಗಲ, ಮೂವತ್ತು ಮೀಟರ್ ಉದ್ದ, ನಾಲ್ಕು ಮೀಟರ್ ಆಳದ ಗುಂಡಿ ಅಂದರೆ ಹತ್ತಿರಹತ್ತಿರ 850 ಬ್ರಾಸ್. ಆದರೆ ಅಗೆದ ಮಣ್ಣು ಉಬ್ಬುತ್ತದೆ. ಒಳಗೆ ಒತ್ತಿಕೊಂಡಿದ್ದದ್ದು ಸಡಿಲವಾಗಿ, ನಡುನಡುವೆ ಗಾಳಿ ಸೇರಿ, ಕಾಲು ಭಾಗ ಜಾಸ್ತಿಯಾಗುತ್ತದೆ. ಕಲ್ಲಾದರೆ ಇನ್ನೂ ಜಾಸ್ತಿ. ಟಿಪ್ಪರಿಗೆ ಹೋಗುವಾಗ ಅದೇ ಗುಂಡಿ 1060 ಬ್ರಾಸ್! ಬಿಲ್ಡರ್ ಗುಂಡಿ ಅಳೆದು ದುಡ್ಡು ಕೊಡುತ್ತಾನೆ. ಟಿಪ್ಪರಿನವನು ಟಿಪ್ಪರ್ ಅಳೆದು ದುಡ್ಡು ಕೇಳುತ್ತಾನೆ. ನಡುವಿನ 200 ಬ್ರಾಸ್ ಗಾಳಿಯ ಬಾಡಿಗೆ ಗುತ್ತಿಗೆದಾರನ ತಲೆಗೆ. ಮನೆ ಕಟ್ಟುವ ಜಾಗದಲ್ಲಿ ಮೊಳದುದ್ದ ಗುಂಡಿ ತೋಡಿ, ಅದೇ ಮಣ್ಣನ್ನು ತಿರುಗಿ ತುಂಬಿ, ಮಣ್ಣು ಉಳಿದರೆ ಜಾಗ ಶುಭ ಅಂತ ಹಿರಿಯರು ನೋಡುತ್ತಿದ್ದರಲ್ಲ, ಅವರಲ್ಲಿ ಒಬ್ಬರೂ ಟಿಪ್ಪರ್ ಬಾಡಿಗೆ ಕೊಟ್ಟವರಿರಲಿಕ್ಕಿಲ್ಲ.

ಹೋಗಲಿ, ಮಣ್ಣಾದರೂ ಒಂದೇ ತರಹ ಇದೆಯಾ? ಮೇಲೆ ಎರೆಮಣ್ಣು. ನರ್ಸರಿಯವರು, ಹೊಲದವರು ಕೇಳುತ್ತಾರೆ, ಕಟ್ಟಡದವರು ಮುಟ್ಟುವುದಿಲ್ಲ. ಅದರ ಕೆಳಗೆ ಮುರುಮ್, ಅಂದರೆ ಗರಸು ಮಣ್ಣು. ಇದು ಬಂತೆಂದು ಸುದ್ದಿಯಾದರೆ ಮಾವನ ಫೋನು ರಾತ್ರಿ ಹನ್ನೊಂದಕ್ಕೂ ಹೊಡೆದುಕೊಳ್ಳುತ್ತದೆ, ರಸ್ತೆಗೆ, ಮನೆ ಪಾಯಕ್ಕೆ ಎಲ್ಲರಿಗೂ ಬೇಕು. ಮಾರಿದ ಮಾತ್ರಕ್ಕೆ ಆಗಲಿಲ್ಲ, ತಹಶೀಲ್ದಾರ್ ಕಚೇರಿಯ ರಾಯಲ್ಟಿ ಚೀಟಿ ಇಲ್ಲದೆ ಗಾಡಿ ಕದಲಿದರೆ ದಂಡ. ಮುರುಮಿನ ಕೆಳಗೆ ಕರಿಕಲ್ಲು. ಆರೂವರೆ ಕೋಟಿ ವರ್ಷಕ್ಕೂ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ್ದು. ಮಾವನ ಸೇತುವೆ ಕೆಡಹುವ ಕನಸೆಲ್ಲಾ ಬಂದು ನಿಂತದ್ದು ಇಲ್ಲಿಯೇ. ಬಕೆಟ್ಟಿನ ಹಲ್ಲು ಕಲ್ಲಿನ ಮೇಲೆ ಕಿರ್ರೆಂದು ಜಾರಿತು, ಕಿಡಿ ಹಾರಿತು, ಕಲ್ಲು ಹಾಗೇ ಇತ್ತು. "ಬ್ರೇಕರ್ ಬೇಕು ಸಾವ್ಕಾರ್ರೆ" ಅಂದ ಆಪರೇಟರ್. ಬಕೆಟ್ ಬಿಚ್ಚಿ, ಕಲ್ಲು ಗುದ್ದಿ ಒಡೆಯುವ ಬ್ರೇಕರ್ ಬಾಡಿಗೆಗೆ ತಂದು ಹಚ್ಚಿದರು. ಆಮೇಲಿನ ದಿನಗಳ ಢಕಢಕ ಸದ್ದಿಗೆ ಎದುರಿನ ಸೊಸೈಟಿಯವರು ಬಂದು ಮರಾಠಿಯಲ್ಲಿ ಮಾಡಿದ ಜಗಳವನ್ನು ಮಾವ ಕನ್ನಡದಲ್ಲಿ ಕೇಳಿಸಿಕೊಂಡರು. ಮೂವತ್ತು ವರ್ಷ ಪುಣೆಯಲ್ಲಿದ್ದವರು, ಬೇಕಾದಾಗ ಮರಾಠಿ ಮರೆಯಬಲ್ಲರು.

ಮಷಿನ್ ನಿಜವಾಗಿ ಮಾನ ಉಳಿಸಿದ್ದು ಜೂನ್‌ನಲ್ಲಿ. ಮೊದಲ ಮಳೆಗೆ ಎರೆಮಣ್ಣಿನ ದಾರಿ ಬೆಣ್ಣೆಯಾಯಿತು. ತುಂಬಿದ ಟಿಪ್ಪರುಗಳು ಒಂದರ ಹಿಂದೊಂದು ಹೂತು ನಿಂತವು. ಮೂವತ್ತು ಟನ್ನಿನದು ಮಾತ್ರ ಕೆಸರಿನ ಮೇಲೆ ತೆವಳುತ್ತಾ ಆರಾಮಾಗಿ ಓಡಾಡುತ್ತಿತ್ತು. ಕಾರಣ ಅದರ ಅಗಲದ ಚೈನು. ಅಷ್ಟು ಭಾರವೆಲ್ಲಾ ಹರಡಿಹೋಗಿ, ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಮುಕ್ಕಾಲು ಕಿಲೋ ಕೂಡ ಇರುವುದಿಲ್ಲ. ನಾವು ನಡೆಯುವಾಗ ಹಿಮ್ಮಡಿ ಊರುವ ಒತ್ತಡ ಅದಕ್ಕಿಂತ ಜಾಸ್ತಿ, ತುಂಬಿದ ಟಿಪ್ಪರಿನ ಟೈರಿನದು ಅದರ ಹತ್ತು ಪಟ್ಟು. ಆಪರೇಟರ್ ಬಕೆಟ್ಟಿನ ಬೆನ್ನಿನಿಂದ ಒಂದೊಂದೇ ಟಿಪ್ಪರಿನ ಹಿಂಭಾಗವನ್ನು ಮೆತ್ತಗೆ ಒತ್ತಿ ರಸ್ತೆಗೆ ಹತ್ತಿಸಿದ. ಅಷ್ಟು ದೊಡ್ಡ ತೋಳು ಒಂದು ತಗಡನ್ನೂ ನಗ್ಗಿಸಲಿಲ್ಲ. ಪಕ್ಕದ ಸೈಟಿನ ಟಿಪ್ಪರೂ ಸಿಕ್ಕಿಕೊಂಡು ಅವರು ಬಂದು ಕರೆದಾಗ ಮಾವನ ಮುಖ ನೋಡಬೇಕಿತ್ತು. ಬಾಡಿಗೆ ಕೇಳಲಿಲ್ಲ. ಬೆನ್ನು ತಿರುಗಿಸಿ ಕೂತದ್ದಕ್ಕೆಲ್ಲಾ ಅಂದೇ ಬಡ್ಡಿ ಸಮೇತ ವಸೂಲಾಗಿತ್ತು.

ಈಗ ಆ ಗುಂಡಿ ಮುಗಿದಿದೆ. ಮಳೆಗಾಲವೆಲ್ಲಾ ಮಷಿನ್ ಒಂದು ಖಾಲಿ ಜಾಗದಲ್ಲಿ ಬಾಡಿಗೆ ಕೊಟ್ಟು ನಿಂತಿದೆ. ಮಾವ ಹಾಳೆ ತುಂಬಾ ಲೆಕ್ಕ ಹಾಕಿ, ತಪ್ಪು ಮಷಿನ್ನಿನದಲ್ಲ, ಟಿಪ್ಪರಿನದು ಅಂತ ತೀರ್ಮಾನಿಸಿದ್ದಾರೆ. ಸ್ವಂತದ್ದು ಇದ್ದರೆ ಎಲ್ಲಾ ಸರಿಹೋಗುತ್ತದಂತೆ. ಸಾಂಗಲಿಯಲ್ಲಿ ಹಳೆಯವು ನಾಲ್ಕು ಒಟ್ಟಿಗೆ ಮಾರಾಟಕ್ಕಿವೆಯಂತೆ, ಬಣ್ಣ ಕೂಡ ಈಗಷ್ಟೇ ಹೊಡೆಸಿದ್ದಾರಂತೆ. ಊಟಕ್ಕೆ ಬಡಿಸುತ್ತಿದ್ದ ಅತ್ತಿ ಸೌಟು ಕೆಳಗಿಟ್ಟರು.

"ತರ್ರಿ, ಬ್ಯಾಡ ಅನ್ನೂದಿಲ್ಲ. ಮೊದಲ ಅವನ್ನ ನಿಲ್ಲಸಾಕ ಜಾಗ ಎಲ್ಲೈತಿ ಹೇಳ್ರಿ."

ಮಾವ ಇನ್ನೊಂದು ರೊಟ್ಟಿ ಕೇಳಿದರು.