ನಾಲ್ಕು ಮಂದಿ ಸೇರಿ ಹೊಡೆದ ಎಣ್ಣೆ

ಇವತ್ತೂ ಅದೇ ಎಣ್ಣೆ ಮಾತು (ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಅಂತೀವಿ) ಕಿವಿಗೆ ಬಿತ್ತು. ಬಳ್ಳಾರಿ ಜಿಲ್ಲೆಯ ಕುರುಗೋಡು ಕಡೆ ಒಂದು ಗೊಬ್ಬರದ ಅಂಗಡಿ, ಮುಂದೆ ಬೈಕು ನಿಲ್ಲಿಸಿಕೊಂಡು ನಾಲ್ಕೈದು ಮಂದಿ.

"ಏನ್ ಹೊಡ್ದಿ ಮಾವ?"
"ಪಕ್ಕದ ಹೊಲ್ದಾನು ಇದ್ನ ಹೊಡ್ದಾನ, ನಾನೂ ಅದನ್ನೇ ಹೊಡ್ದೆ."
"ಹಂಗಾರ ನನಗೂ ಅದನ್ನೇ ಕೊಡಣ್ಣ."

ಮುಗೀತು. ಚಹಾ ಆರೋದ್ರೊಳಗೆ ಮೂರು ಹೊಲದ ಮೆಣಸಿನಕಾಯಿ ಗಿಡಕ್ಕೆ ಏನು ಬೀಳಬೇಕು ಅಂತ ತೀರ್ಮಾನ. ಗಿಡದಾಗ ಹುಳ ಎಷ್ಟದಾವ ಅಂತ ಒಬ್ಬನೂ ಕೇಳಲಿಲ್ಲ. ಒಬ್ಬನೂ!

ನನ್ನ ಸಿಟ್ಟು ಅಂಗಡಿಯವನ ಮೇಲಲ್ಲ (ಅವನದು ಇನ್ನೊಂದು ದಿನ ಬರೀತೀನಿ). ಇದೇ ಮಂದಿನ ಒಬ್ಬೊಬ್ಬರನ್ನೇ ಹೊಲದಾಗ ನಿಲ್ಲಿಸಿ ಕೇಳಿ ನೋಡ್ರಿ, ಎಷ್ಟು ಚಂದ ಹೇಳ್ತಾರೆ. ಎಲೆ ಮೇಲಕ್ಕೆ ಮುದುರಿದ್ರೆ ಥ್ರಿಪ್ಸು, ರಸ ಹೀರೋ ಸಣ್ಣ ಹುಳ. ಕೆಳಕ್ಕೆ ಮುದುರಿ, ಎಲೆಯ ತೊಟ್ಟು ಉದ್ದ ಎಳೆದಂಗೆ ಆಗಿದ್ರೆ ಮೈಟು, ಅಂದ್ರೆ ನುಸಿ. ಎಲ್ಲ ಗೊತ್ತು ಅವರಿಗೆ. ಅದೇ ಮನುಷ್ಯ ಅಂಗಡಿ ಮುಂದೆ ನಾಲ್ವರ ನಡುವೆ ನಿಂತ ಅಂದ್ರೆ ಬಾಯಲ್ಲಿ ಉಳಿಯೋದು "ಮುಟುರು ಬಂದೈತಿ", ಎಲೆ ಮುದುರೈತಿ ಅನ್ನೋದು ಮಾತ್ರ. ಮೇಲಕ್ಕೋ ಕೆಳಕ್ಕೋ ಅನ್ನೋದು ಮಾಯ. ಒಬ್ಬನ ಹೊಲದ್ದು ಥ್ರಿಪ್ಸು, ಇನ್ನೊಬ್ಬನದು ಮೈಟು, ಇಬ್ಬರ ಚೀಲದಾಗೂ ಇಮಿಡಾಕ್ಲೋಪ್ರಿಡ್ ಅನ್ನೋ ಒಂದೇ ಎಣ್ಣೆ. ಮೈಟಿಗೆ ಅದರಿಂದ ಏನೂ ಆಗಲ್ಲ. ವಾರ ಬಿಟ್ಟು ಬಂದು "ಎಣ್ಣೆ ಡೂಪ್ಲಿಕೇಟು" ಅಂತ ಅಂಗಡಿಯವನ ಜೊತೆ ಜಗಳ.

ಗುಂಪಿನ ಮರ್ಯಾದೆ ಅನ್ನೋದು ಡ್ರಮ್ಮಿನೊಳಗೂ ಇಳಿಯುತ್ತೆ. ಮಾವ ಒಂದು ಹೇಳಿದ, ಅಣ್ಣ ಇನ್ನೊಂದು ಹೇಳಿದ, ತಮ್ಮ ಮೊಬೈಲಿನಲ್ಲಿ ಮತ್ತೊಂದು ಡಬ್ಬಿ ಫೋಟೋ ತೋರಿಸಿದ. ಯಾರ ಮಾತೂ ತೆಗೆದುಹಾಕಂಗಿಲ್ಲ! ಮೂರೂ ಒಂದೇ 200 ಲೀಟರ್ ಡ್ರಮ್ಮಿಗೆ ಬೀಳ್ತಾವೆ, ಮೇಲೆ ಗಿಡ ಬೆಳೆಯೋಕೆ ಒಂದು ಟಾನಿಕ್ಕು, ಎಣ್ಣೆ ಎಲೆಗೆ ಹಿಡಿಯೋಕೆ ಒಂದು ಅಂಟು. ಇದು ಬೆಳೆ ಸಂರಕ್ಷಣೆ ಅಲ್ಲ, ಪಂಚಾಯ್ತಿ ರಾಜಿ. ಬೆರೆಸಲೇಬೇಕು ಅಂದ್ರೆ ಅದಕ್ಕೊಂದು ಕ್ರಮ ಇದೆ. ಡ್ರಮ್ಮು ಅರ್ಧ ನೀರು ತುಂಬಿರಬೇಕು, ಮೊದಲು ಪುಡಿ ರೂಪದ್ದು, ಆಮೇಲೆ ಡಬ್ಬಿ ಮೇಲೆ ಎಸ್‌ಸಿ ಅಂತ ಬರೆದದ್ದು (ಸಣ್ಣ ಪುಡಿ ತೇಲಿಸಿದ ಮಂದ ದ್ರವ), ಕೊನೆಗೆ ಇಸಿ (ನೀರಿಗೆ ಬಿದ್ರೆ ಹಾಲಿನಂಗೆ ಆಗೋ ಎಣ್ಣೆಯಂಥ ದ್ರವ). ಅದಕ್ಕೂ ಮೊದಲು ಒಂದು ಗಾಜಿನ ಬಾಟ್ಲಿಯಲ್ಲಿ ಒಂದು ಲೀಟರ್ ನೀರಿಗೆ ಅದೇ ಅಳತೆಯಲ್ಲಿ ಬೆರೆಸಿ ಅರ್ಧ ಗಂಟೆ ಇಡಿ. ಮೊಸರಿನಂಗೆ ಒಡೆದ್ರೆ, ಗಸಿ ಕೂತ್ರೆ ಚೆಲ್ಲಿಬಿಡಿ, ಗಿಡಕ್ಕೆ ಹಾಕಬೇಡಿ. ಎರಡು ಮೂರು ಇಸಿ ಒಟ್ಟಿಗೆ ಬಿದ್ದು, ಮೇಲೆ ಬಳ್ಳಾರಿ ಬಿಸಿಲು ಸೇರಿದ್ರೆ ಎಲೆ ಸುಡುತ್ತೆ. ಆ ಸುಟ್ಟಿದ್ದನ್ನು ನೋಡಿ "ರೋಗ ಜಾಸ್ತಿ ಆತು" ಅಂತ ಮತ್ತೆ ಅಂಗಡಿಗೆ.

2021ರ ಕೊನೆಗೆ ಕಪ್ಪು ಥ್ರಿಪ್ಸು ನುಗ್ಗಿದ ವರ್ಷ ನೆನಪಿದೆಯಲ್ಲ? ಹುಳ ಕೂರೋದು ಹೂವಿನೊಳಗೆ, ಕೋಶ (ಪ್ಯೂಪಾ) ಆಗೋದು ಮಣ್ಣಿನಲ್ಲಿ. ಮೇಲಿಂದ ಎಷ್ಟು ಸುರಿದ್ರೂ ಮಣ್ಣಿನಲ್ಲಿರೋದು ಉಳಿದು ಮತ್ತೆ ಹೂವಿಗೆ ಏರುತ್ತೆ. ಆದ್ರೂ ಒಬ್ಬ ಹೊಡೆದ ಅಂತ ಇನ್ನೊಬ್ಬ, ಇನ್ನೊಬ್ಬ ಹೊಡೆದ ಅಂತ ಮೊದಲಿನವ ಮತ್ತೆ. ಸಿಂಥೆಟಿಕ್ ಪೈರೆಥ್ರಾಯ್ಡು ಅನ್ನೋ ಇನ್ನೊಂದು ಜಾತಿ ಎಣ್ಣೆ ಸೇರಿಸಿ ಹುಳ ತಿನ್ನೋ ಹುಳಗಳನ್ನೂ ಕೊಂದ್ರು. "ಬೇರೆ ಬೇರೆ ಎಣ್ಣೆ ಬದಲಾಯಿಸೀವಿ" ಅಂತಾರೆ. ಡಬ್ಬಿ ಮೇಲಿನ ದೊಡ್ಡ ಹೆಸರು ಬಿಟ್ಟು ಕೆಳಗಿನ ಸಣ್ಣ ಅಕ್ಷರ ಓದ್ರಿ: ಇಮಿಡಾಕ್ಲೋಪ್ರಿಡ್, ಅಸಿಟಾಮಿಪ್ರಿಡ್, ಥಯಾಮೆಥಾಕ್ಸಮ್. ಮೂರೂ ಒಂದೇ ಮನೆತನ. ಒಂದಕ್ಕೆ ಬಗ್ಗದ ಹುಳ ಉಳಿದೆರಡಕ್ಕೂ ಬಗ್ಗೋದು ಕಷ್ಟ.

"ನಾಲ್ಕು ಮಂದಿ ಹೇಳಿದ್ದು ಸುಳ್ಳಾಗ್ತದಾ?" ಅಂತ ಕೇಳೋರಿದ್ದಾರೆ. ಆಗ್ತದೆ. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಒಂದು ಪರೀಕ್ಷೆ ಮಾಡಿದ. ಮೂರು ಗೆರೆಗಳಲ್ಲಿ ಯಾವುದು ಪಕ್ಕದ ಗೆರೆಯಷ್ಟೇ ಉದ್ದ ಅಂತ ಹೇಳಬೇಕು, ಮಕ್ಕಳೂ ಹೇಳಬಹುದಾದಷ್ಟು ಸುಲಭ. ಮೊದಲೇ ಹೇಳಿಕೊಟ್ಟಿದ್ದ ಮಂದಿ ಒಬ್ಬರ ಹಿಂದೊಬ್ಬರು ಬೇಕಂತಲೇ ತಪ್ಪು ಹೇಳಿದಾಗ, ಏನೂ ಗೊತ್ತಿಲ್ಲದೆ ಪರೀಕ್ಷೆಗೆ ಕೂತವರ ಪೈಕಿ ನಾಲ್ಕರಲ್ಲಿ ಮೂವರು ಒಂದು ಸಲವಾದ್ರೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಉತ್ತರ ಹೇಳಿದ್ರು. ಗೆರೆ ಕಣ್ಣ ಮುಂದೇ ಇತ್ತು! ನಮ್ಮವರ ಗಿಡ ಅಂಗಡಿಯಿಂದ ಮೂರು ಕಿಲೋಮೀಟರ್ ದೂರ ಇರ್ತದೆ. ಅದೇ ಪರೀಕ್ಷೆಯಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿಬಿಟ್ರೆ ಪರೀಕ್ಷೆಗೆ ಕೂತವನಿಗೂ ಧೈರ್ಯ ಬಂತು, ಗುಂಪಿಗೆ ಹೂಂ ಅಂತ ತಲೆ ಅಲ್ಲಾಡಿಸೋದು ಭಾರೀ ಕಮ್ಮಿ ಆಯ್ತು. ಅಂಗಡಿ ಮುಂದೆ "ನಂದ್ರಾಗ ಹುಳ ಕಮ್ಮಿ ಐತಿ, ಈ ವಾರ ಹೊಡಿಯಂಗಿಲ್ಲ" ಅಂತ ಒಬ್ಬ ಹೇಳಿದ್ರೂ ಸಾಕು.

ಇನ್ನೊಂದು ವಾದ: ಹುಳ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗ್ತದೆ, ಎಲ್ಲರೂ ಸೇರಿ ಹೊಡೆದ್ರೆ ತಾನೇ ಲಾಭ? ಖರೇ. ಸೇರಿ ಹೊಡೀರಿ, ಒಂದೇ ದಿನ, ಎಲ್ಲರೂ ಎಣಿಸಿ ನೋಡಿ ಹೊಡೀರಿ. ನೀವು ಮಾಡೋದು ಅದಲ್ಲವಲ್ಲ! ಪಕ್ಕದವನನ್ನು ನೋಡಿ ಕಲಿಯೋದರಲ್ಲೂ ತಪ್ಪಿಲ್ಲ, ಆದ್ರೆ ಅವನು ನಿನ್ನೆ ಹೊಡೆದದ್ದನ್ನು ಇವತ್ತು ತರ್ತೀರಿ. ಅವನ ಗಿಡ ಏನಾಯ್ತು ಅಂತ ಗೊತ್ತಾಗೋಕೆ ವಾರ ಬೇಕು. ನೀವು ನಕಲು ಮಾಡಿದ್ದು ಪರೀಕ್ಷೆ ಬರೆದವನ ಕೈಯನ್ನ, ಅವನ ಅಂಕ ಇನ್ನೂ ಬಂದಿಲ್ಲ.

ಮಾಡಬೇಕಾದ್ದು ಇಷ್ಟೆ. ಹೊಲದ ನಾಲ್ಕು ಮೂಲೆ, ನಡುವೆ ಒಂದು ಕಡೆ, ಅಲ್ಲಲ್ಲಿ ಗಿಡ ಹಿಡಿದು ಬಿಳಿ ಹಾಳೆ ಮೇಲೆ ಹೂವು ತಟ್ಟಿ, ಬಿದ್ದ ಹುಳ ಎಣಿಸಿ ಬರೆದುಕೊಳ್ರಿ. ಬರೆದ ಚೀಟಿ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗ್ರಿ, ಮಾವನ ಮಾತು ಕೇಳೋಕೂ ಮೊದಲು ಚೀಟಿ ತೆಗೀರಿ. ಅನುಮಾನ ಇದ್ರೆ ಹಗರಿ ಕೃಷಿ ವಿಜ್ಞಾನ ಕೇಂದ್ರ ಇದೆ, ಕಿಸಾನ್ ಕಾಲ್ ಸೆಂಟರ್ 1800-180-1551 ಇದೆ. ಹೊಡೆಯೋದೇ ಆದ್ರೆ ನಾಲ್ಕು ಸಾಲು ಬಿಟ್ಟು ಹೊಡೀರಿ, ಬಿಟ್ಟ ಸಾಲಿಗೆ ಕೋಲು ನೆಟ್ಟು ಗುರುತು ಮಾಡ್ರಿ. ವಾರ ಬಿಟ್ಟು ಎರಡೂ ಕಡೆ ಹಾಳೆ ಮೇಲೆ ತಟ್ಟಿ ನೋಡ್ರಿ.

ವಾಟ್ಸಾಪ್ ಗುಂಪಿಗೆ ಆಗ ಆ ಎರಡು ಹಾಳೆ ಫೋಟೋ ಹಾಕ್ರಪ್ಪ. ಡಬ್ಬಿ ಫೋಟೋ ನೋಡಿ ನೋಡಿ ಸಾಕಾಗೈತಿ.