ಜೋಗ ಜಲಪಾತದ ವಿಡಿಯೊ ಕುರಿತು ಸ್ಪಷ್ಟನೆ

ಜೋಗದ ಕಣಿವೆ ತುಂಬ ನೀರು ಬೋರ್ಗರೆದು ಬೀಳುವ ವಿಡಿಯೊವೊಂದು ‘ವರ್ಷದ ಯಾವ ದಿನ ಹೋದರೂ ಇದೇ ದೃಶ್ಯ’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿದೆ. ಈ ಮಾತು ನಿಜವಲ್ಲ.

ಜಲಪಾತಕ್ಕಿಂತ ಕೆಲವೇ ಕಿಲೋಮೀಟರ್ ಮೇಲೆ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯನ್ನು ತಡೆದು ನಿಲ್ಲಿಸಿದೆ. ಅಲ್ಲಿನ ನೀರಿನ ಬಹುಪಾಲು ತಳಕಳಲೆ ಜಲಾಶಯದ ಮೂಲಕ, ಜಲಪಾತದ ಅಂಚನ್ನು ಮುಟ್ಟದೆಯೇ, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ಸೇರುತ್ತದೆ. ಆದ್ದರಿಂದ ಮಾರ್ಚ್, ಏಪ್ರಿಲ್‌ನಲ್ಲಿ ಹೋದವರಿಗೆ ಕಾಣುವುದು 253 ಮೀಟರ್ ಎತ್ತರದ ಕಪ್ಪು ಬಂಡೆ ಮತ್ತು ಅದರ ಮೇಲೆ ಇಳಿಯುವ ಒಂದೆರಡು ತೆಳು ನೀರಿನ ಎಳೆಗಳು. ಜಲಪಾತದ ನಾಲ್ಕು ಕವಲುಗಳಾದ ರಾಜ, ರಾಣಿ, ರೋರರ್, ರಾಕೆಟ್‌ಗಳಲ್ಲಿ ರಾಜ ಯಾವುದು, ರೋರರ್ ಯಾವುದು ಎಂದು ಅಕ್ಕಪಕ್ಕದವರನ್ನು ಕೇಳಿ ತಿಳಿಯಬೇಕಾಗುತ್ತದೆ.

ಮಳೆಗಾಲದಲ್ಲಿ ಅಣೆಕಟ್ಟಿನ ಕೆಳಗಿನ ಹಳ್ಳಗಳ ನೀರು ಸೇರಿ ನಾಲ್ಕೂ ಕವಲುಗಳು ಮೈದುಂಬುತ್ತವೆ, ನಿಜ. ಆದರೆ ವಿಡಿಯೊದಲ್ಲಿರುವಂತೆ ಕವಲುಗಳೆಲ್ಲ ಒಂದಾಗಿ ಕಾಣುವಷ್ಟು ರಭಸ ಬರುವುದು, ಜಲಾಶಯವು ಗರಿಷ್ಠ ಮಟ್ಟವಾದ (ಸಮುದ್ರಮಟ್ಟದಿಂದ) 1,819 ಅಡಿಯ ಸಮೀಪಕ್ಕೆ ಬಂದು, ಅಣೆಕಟ್ಟಿನ ಮೇಲ್ಭಾಗದ ಕ್ರೆಸ್ಟ್ ಗೇಟುಗಳಿಂದ ಹೆಚ್ಚಿನ ಪ್ರಮಾಣದ ನೀರು ಬಿಟ್ಟಾಗ ಮಾತ್ರ. ಮಳೆ ಕೊರತೆಯಾದ ವರ್ಷ ಅದೂ ಇಲ್ಲ. ಜುಲೈನಲ್ಲಿ ಹೋದರೂ ಮಂಜು ಕವಿದು, ಸದ್ದಷ್ಟೇ ಕೇಳಿಸಿ ಏನೂ ಕಾಣದಿರುವುದುಂಟು, ಇದನ್ನು ವಿಡಿಯೊ ಹಂಚುವವರು ಯಾರೂ ಹೇಳುವುದಿಲ್ಲ.

ದೂರದಿಂದ ಹೊರಡುವವರು ಲಿಂಗನಮಕ್ಕಿಯ ಆ ದಿನದ ನೀರಿನ ಮಟ್ಟವನ್ನೂ ಹೊರಹರಿವನ್ನೂ ಪತ್ರಿಕೆಯಲ್ಲಿ ನೋಡಿಕೊಂಡು ಹೊರಡುವುದು ಒಳಿತು.