ಮೋನೆಯ ಮೆದೆ

ನಮ್ಮ ಅಜ್ಜಿಗೆ ಒಮ್ಮೆ ಚಿತ್ರಕಾರ ಕ್ಲಾಡ್ ಮೋನೆ ಬರೆದ ಮೆದೆಯ ಚಿತ್ರವನ್ನು ಫೋನಿನಲ್ಲಿ ತೋರಿಸಿದ್ದೆ. ಬಯಲಲ್ಲಿ ಎರಡು ಮೆದೆ, ಹಿಂದೆ ಮಸುಕು ಮಸುಕಾಗಿ ಮರಗಳ ಸಾಲು. ಬಣ್ಣದ ಬಗ್ಗೆ ಏನಾದರೂ ಅಂದಾಳು ಅಂತ ಕಾದೆ. ಕನ್ನಡಕ ಸರಿಮಾಡಿಕೊಂಡು ನೋಡಿ, "ತಲೆ ಚೆನ್ನಾಗಿ ಕಟ್ಟವ್ರೆ ಕಣ್ಲಾ. ಮಳೆ ನೀರು ಒಳಕ್ಕಿಳಿಯಲ್ಲ" ಅಂದಳು.

ಅಜ್ಜಿ ಹೇಳಿದ್ದು ಸರಿಯೇ. ಅದು ಬರೀ ಹುಲ್ಲಲ್ಲ, ಇನ್ನೂ ಬಡಿಯದ ಗೋಧಿ ತೆನೆಯ ಕಟ್ಟುಗಳು. ಕಾಳು ನೆನೆಯದಿರಲಿ ಅಂತ ಮೇಲೊಂದು ಹುಲ್ಲಿನ ಟೊಪ್ಪಿ.

ಫ್ರಾನ್ಸಿನ ಜಿವೆರ್ನಿಯಲ್ಲಿ, ಮನೆ ಪಕ್ಕದ ಹೊಲದಲ್ಲಿದ್ದ ಈ ಮೆದೆಗಳನ್ನು ಮೋನೆ 1890-91ರಲ್ಲಿ ಸುಮಾರು 25 ಸಲ ಬರೆದ. ಬಿಸಿಲು ಸುಮ್ನೆ ಒಂದು ಕಡೆ ನಿಲ್ಲಲ್ಲ ಅಲ್ವಾ? ಅದಕ್ಕೇ ಹಲವು ಕ್ಯಾನ್ವಾಸ್ ಇಟ್ಟುಕೊಂಡು, ಬೆಳಕು ಸರಿದ ಹಾಗೆಲ್ಲ ಒಂದು ಬಿಟ್ಟು ಇನ್ನೊಂದು ಹಿಡಿಯುತ್ತಿದ್ದ. ನಾವು ಹಪ್ಪಳದ ಚಾಪೆಯನ್ನು ಬಿಸಿಲಿನ ಹಿಂದೆ ಎಳೆದಾಡುವ ಹಾಗೆ.

ಇಂಥವರನ್ನು ನಿಸರ್ಗಪ್ರೇಮಿ ಅಂದುಬಿಡುವುದು ಸುಲಭ. ನನಗೇನೋ ನಿಸರ್ಗಕ್ಕೂ ಇವನಿಗೂ ಇದ್ದ ನಂಟು ದಾಯಾದಿಗಳ ಬದು ಜಗಳದ ಹಾಗೆ ಕಾಣುತ್ತದೆ. ಬೆಳಿಗ್ಗೆ ಕೋರ್ಟಿಗೂ ಹೋಗಬೇಕು, ಸಂಜೆ ಒಂದೇ ಕಟ್ಟೆ ಮೇಲೂ ಕೂರಬೇಕು.

1885ರಲ್ಲಿ ಮೋನೆ ಎತ್ರೆತಾ ಅನ್ನುವ ಊರಿನ ಕಡಲ ದಂಡೆಯಲ್ಲಿ ಬಂಡೆಯ ಬುಡದಲ್ಲಿ ಚಿತ್ರ ಬರೆಯುತ್ತಿದ್ದ. ಉಬ್ಬರದ ಹೊತ್ತಿನ ಲೆಕ್ಕ ತಪ್ಪಿತ್ತು. ದೊಡ್ಡ ಅಲೆಯೊಂದು ಬಂದು ಇವನನ್ನು ಬಂಡೆಗೆ ಬಡಿದು, ಸಾಮಾನನ್ನೆಲ್ಲ ಎಳೆದುಕೊಂಡು ಹೋಯಿತು. ಹೇಗೋ ಆಚೆ ಬಂದಾಗ ಗಡ್ಡದ ತುಂಬ ನೀಲಿ, ಹಳದಿ ಬಣ್ಣ. ಇದನ್ನು ಅವನೇ ಪತ್ರದಲ್ಲಿ ಬರೆದುಕೊಂಡಿದ್ದಾನೆ.

ಸೇಡು ಅನ್ನಬಾರದು, ಆದರೂ ಹೇಳುತ್ತೇನೆ. 1891ರಲ್ಲಿ ಎಪ್ತ್ ಹೊಳೆ ದಂಡೆಯ ಪಾಪ್ಲರ್ ಮರಗಳು ಚಿತ್ರ ಮುಗಿಯುವ ಮುಂಚೆಯೇ ಹರಾಜಿಗೆ ಬಂದವು. ಮರದ ವ್ಯಾಪಾರಿಗೆ ಕೈಯಿಂದ ದುಡ್ಡು ಕೊಟ್ಟು ಕಡಿಯುವುದನ್ನು ಮುಂದಕ್ಕೆ ಹಾಕಿಸಿದ. ಮರ ಉಳಿಸಿದ ಪುಣ್ಯಾತ್ಮ ಅಂದುಕೊಳ್ಳಬೇಡಿ. ಚಿತ್ರ ಮುಗಿಯುವ ತನಕ ಮಾತ್ರ!

ಓಕ್ ಮರದ ಕಥೆ ಇನ್ನೂ ಜಾಸ್ತಿ. 1889ರಲ್ಲಿ ಕ್ರೂಜ್ ಕಣಿವೆಯಲ್ಲಿ ಚಳಿಗಾಲದ ಬೋಳು ಮರವೊಂದನ್ನು ಬರೆಯಲು ಹಿಡಿದ. ಮಳೆ ಬಿಡಲಿಲ್ಲ. ಕಾದು ಕಾದು ಮೇ ತಿಂಗಳು ಬಂತು, ಮರ ಚಿಗುರಿತು. ನಾವಾದರೆ ಚಿಗುರು ಕಂಡು ಯುಗಾದಿ ಬಂತು ಅಂತೇವೆ. ಇವನಿಗೆ ಚಳಿಗಾಲ ಕೈಬಿಟ್ಟುಹೋದ ಸಂಕಟ. ಮರದ ಒಡೆಯನಿಗೆ ದುಡ್ಡು ಕೊಟ್ಟು, ಆಳುಗಳನ್ನು ಏಣಿ ಹತ್ತಿಸಿ, ಎಲೆಯನ್ನೆಲ್ಲ ಕೀಳಿಸಿಬಿಟ್ಟ!

ಇದನ್ನೂ ಅಜ್ಜಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು.

"ಅಯ್ಯೋ ಸಿವನೆ, ಆಮೇಲೆ ಚಿಗುರ್ತಾ ಅದು?"